ಕೈ ನೋಡದ ಕೌನ್ಸೆಲಿಂಗ್: ಸರ್ಜರಿ ಸೀಟು ಬಯಸುವ ಹೌಸ್ ಸರ್ಜನ್‌ಗಳಿಗೆ

(ವೈದ್ಯಕೀಯ ಕಾಲೇಜೊಂದರಲ್ಲಿ ಎಂಬಿಬಿಎಸ್ ಓದಿ ಇಂಟರ್ನ್‌ಶಿಪ್ ಮಾಡುತ್ತಿರುವ ಹೌಸ್ ಸರ್ಜನ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಸಂಘಟಕರು ನನಗೆ ಕೊಟ್ಟ ವಿಷಯ ‘ಸರ್ಜರಿ ಪಿಜಿ ಸೀಟಿಗೆ ಅರ್ಜಿ ಹಾಕುವುದು ಹೇಗೆ’ ಎಂಬುದು. ಬರೀ ಅರ್ಜಿ ಹಾಕುವುದಾದರೆ ನಾನು ಬರಬೇಕಾಗಿರಲಿಲ್ಲ. ಕಾಲೇಜಿನ ಗೇಟಿನ ಎದುರು ಇರುವ ಜೆರಾಕ್ಸ್ ಅಂಗಡಿಯ ಹುಡುಗ ನನಗಿಂತ ಚೆನ್ನಾಗಿ ಹಾಕಿಕೊಡುತ್ತಾನೆ. ಭಾವಚಿತ್ರ, ಸಹಿ, ಹೆಬ್ಬೆಟ್ಟಿನ ಗುರುತು, ಜಾತಿ ಪ್ರಮಾಣಪತ್ರ, ಇಂಟರ್ನ್‌ಶಿಪ್ ಮುಗಿಯುವ ದಿನಾಂಕ, ಶುಲ್ಕ. ಅಲ್ಲಿಗೆ ಮುಗಿಯಿತು. ನೀವು ಸರ್ಜನ್ ಆಗಬೇಕೆಂದು ಏಕೆ ಬಯಸುತ್ತೀರಿ ಎಂದು ಆ ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ. ಯಾವ ಪ್ರೊಫೆಸರೂ ನಿಮ್ಮ ಬಗ್ಗೆ ಶಿಫಾರಸು ಪತ್ರ ಬರೆಯಬೇಕಾಗಿಲ್ಲ. ಹೊಲಿಗೆ ಹಾಕಿ ತೋರಿಸಿ ಎನ್ನುವವರೂ ಇಲ್ಲ. ಸ್ನಾತಕೋತ್ತರ (ಪಿಜಿ) ಸೀಟುಗಳ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಒಂದು ಅಂಕಿ, ಅದರ ಹಿಂದೆ ಒಂದು ರ‍್ಯಾಂಕ್, ಇಷ್ಟೇ ನೀವು.

ಅಂದರೆ ಸೀಟು ಕೈಗೆ ಬರುವ ದಿನದವರೆಗೆ ನಿಮ್ಮ ಕೈಯನ್ನು ಯಾರೂ ನೋಡಿರುವುದಿಲ್ಲ. ರಾತ್ರಿ ಮೂರು ಗಂಟೆಗೆ ಫೋನ್ ಬಂದರೆ ಏಳುತ್ತೀರೋ ಇಲ್ಲವೋ, ರಕ್ತ ಚಿಮ್ಮಿದಾಗ ಬೆರಳು ಒತ್ತಿ ಹಿಡಿಯುತ್ತೀರೋ ಹಿಂದೆ ಸರಿಯುತ್ತೀರೋ, ಇದೆಲ್ಲ ವಿಭಾಗಕ್ಕೆ ತಿಳಿಯುವುದು ನೀವು ಸೇರಿ ಮೂರು ತಿಂಗಳಾದ ಮೇಲೆ. ಈ ಕೊರತೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಮಗ್ಗುಲನ್ನು ಹೇಳುವವರು ಕಡಿಮೆ: ವಿಭಾಗವೂ ತನ್ನನ್ನು ನಿಮಗೆ ತೋರಿಸಿರುವುದಿಲ್ಲ. ಅಲ್ಲಿ ಪಿಜಿ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆ ಮಾಡಲು ಕೇಸು ಕೊಡುತ್ತಾರೋ, ಮೂರು ವರ್ಷ ಬರೀ ಕೇಸ್ ಶೀಟ್ ಬರೆಸುತ್ತಾರೋ ನಿಮಗೆ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಸಂದರ್ಶನವೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಂದರ್ಶನ ಇದೆ, ಅದನ್ನು ನಡೆಸಬೇಕಾದವರು ನೀವು. ಇವತ್ತು ನಾನು ಹೇಳಲು ಬಂದಿರುವುದು ಅದನ್ನು ಹೇಗೆ ನಡೆಸಬೇಕು ಎಂಬುದನ್ನು.

ಅಂಕದ ಪದ್ಧತಿಯನ್ನು ದೂರಲು ನಾನು ನಿಂತಿಲ್ಲ. ಸಂದರ್ಶನ ಇಟ್ಟರೆ ಯಾವ ಊರು, ಯಾರ ಮಗ, ಯಾರು ಫೋನ್ ಮಾಡಿದ್ದರು ಎಂದೆಲ್ಲ ಎಣಿಸುವ ಸಮಾಜ ನಮ್ಮದು. ರ‍್ಯಾಂಕ್ ಪಟ್ಟಿಗೆ ಕಣ್ಣಿಲ್ಲದಿರುವುದು ಹಲವರಿಗೆ ವರವೇ ಆಗಿದೆ. ಅಪ್ಪನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಮನೆಯಿಂದ ಬಂದು ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಮಾಡಿದವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ.

ಇಷ್ಟು ಹೇಳುವಾಗಲೇ ಮುಂದಿನ ಸಾಲಿನಿಂದ ಪ್ರಶ್ನೆ ಬಂತು: “ಅಮೆರಿಕದಲ್ಲಿ ಹೀಗಿಲ್ಲವಲ್ಲ, ಮೇಡಂ?” ಇಲ್ಲ. ಅಲ್ಲಿ ಅರ್ಜಿಯೊಂದಿಗೆ ಪತ್ರಗಳು ಹೋಗುತ್ತವೆ, ಸಂದರ್ಶನ ನಡೆಯುತ್ತದೆ, ಆಮೇಲೆ ಅಭ್ಯರ್ಥಿಗಳು ಆಸ್ಪತ್ರೆಗಳನ್ನು, ಆಸ್ಪತ್ರೆಗಳು ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ. ಎರಡೂ ಪಟ್ಟಿಗಳನ್ನು ಹೊಂದಿಸಿ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಹೇಳುತ್ತಾರೆ. ಈ ಹೊಂದಾಣಿಕೆಯ ಗಣಿತದ ಮೇಲೆ ಕೆಲಸ ಮಾಡಿದ ಆಲ್ವಿನ್ ರಾತ್ ಮತ್ತು ಲಾಯ್ಡ್ ಶೇಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಆದರೆ ಹೊರದೇಶದ ಪದವೀಧರರಿಗೆ ಅಲ್ಲಿ ಸರ್ಜರಿಯ ಬಾಗಿಲು ಕಿರಿದು. ಆರ್ಥೋ, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿಗಳಲ್ಲಿ ಇನ್ನೂ ಕಿರಿದು. 2022ರ ಜನವರಿಯಿಂದ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ ಒಂದರ ಫಲಿತಾಂಶ ಬರೀ ಪಾಸು, ಫೇಲು ಆಗಿರುವುದರಿಂದ ಅಂಕದಿಂದ ಗಮನ ಸೆಳೆಯುವ ಭಾರವೆಲ್ಲ ಸ್ಟೆಪ್ ಎರಡರ ಮೇಲೆ ಬಿದ್ದಿದೆ. ಅಲ್ಲಿನ ಸರ್ಜನ್‌ಗಳ ಪತ್ರ ಬೇಕು, ಅದಕ್ಕಾಗಿ ಸಂಶೋಧನೆಯ ಹೆಸರಿನಲ್ಲಿ ವರ್ಷಗಟ್ಟಲೆ ದುಡಿಯುವವರಿದ್ದಾರೆ. ಒಂದು ವಿಷಯವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಜನರಲ್ ಸರ್ಜರಿಯಲ್ಲಿ ಎರಡು ಬಗೆಯ ಸೀಟುಗಳಿವೆ. ‘ಕ್ಯಾಟಗಾರಿಕಲ್’ ಎಂದರೆ ಐದು ವರ್ಷದ ಪೂರ್ಣ ತರಬೇತಿ. ‘ಪ್ರಿಲಿಮಿನರಿ’ ಎಂದರೆ ಒಂದು ವರ್ಷದ್ದು, ಮುಂದಿನ ವರ್ಷದ ಭರವಸೆ ಅದರಲ್ಲಿಲ್ಲ. ಅಮೆರಿಕದಲ್ಲಿ ಸರ್ಜರಿ ಸಿಕ್ಕಿತು ಎಂದು ಊರಲ್ಲಿ ಸಿಹಿ ಹಂಚುವ ಮೊದಲು ಸಿಕ್ಕಿದ್ದು ಯಾವುದು ಎಂದು ನೋಡಿಕೊಳ್ಳಿ. ಅಲ್ಲಿನ ಮಾತು ಇಷ್ಟು ಸಾಕು; ನಿಮ್ಮಲ್ಲಿ ಹೆಚ್ಚಿನವರು ಬರೆಯುವುದು ಇಲ್ಲಿನ ಪರೀಕ್ಷೆಯನ್ನು.

ಪರೀಕ್ಷೆಯ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ, ಅದಕ್ಕೆ ನಿಮ್ಮ ಮೊಬೈಲಿನಲ್ಲಿ ನಾಲ್ಕಾರು ಆ್ಯಪ್‌ಗಳಿವೆ. 200 ಪ್ರಶ್ನೆ, 800 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಮೂರೂವರೆ ಗಂಟೆಯನ್ನು ಈಗ 42 ನಿಮಿಷದ ಐದು ಭಾಗ ಮಾಡಿ, ಒಂದು ಭಾಗ ಮುಗಿದ ಮೇಲೆ ಹಿಂದಿರುಗದಂತೆ ಮಾಡಿದ್ದಾರೆ. ಲೆಕ್ಕ ಹಾಕಿದರೆ ಪ್ರಶ್ನೆಗೆ 63 ಸೆಕೆಂಡು. ಎಂಬಿಬಿಎಸ್‌ನ 19 ವಿಷಯಗಳೂ ಬರುತ್ತವೆ, ಆದ್ದರಿಂದ ಸರ್ಜನ್ ಆಗಲು ಹೊರಟವರನ್ನು ಸಮುದಾಯ ವೈದ್ಯಶಾಸ್ತ್ರ ಮತ್ತು ಫಾರ್ಮಕಾಲಜಿಯೇ ಬೀಳಿಸುವುದುಂಟು. 2024ರ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿ ಆಗಸ್ಟ್ 11ಕ್ಕೆ ಎರಡು ಪಾಳಿಯಲ್ಲಿ ನಡೆಸಿದರು. 2025ರಲ್ಲಿ ಒಂದೇ ಪಾಳಿಯಲ್ಲಿ ನಡೆಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಜೂನ್‌ನ ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು. ದಿನಾಂಕವನ್ನು ನಂಬಿ ಮದುವೆ ಛತ್ರ ಕಾಯ್ದಿರಿಸಬೇಡಿ ಎಂಬುದಷ್ಟೇ ಇದರಿಂದ ನಾನು ಹೇಳಬಹುದಾದ ಬುದ್ಧಿಮಾತು. ಇನ್ನೊಂದು, ‘ಕ್ವಾಲಿಫೈ’ ಆದೆ ಎಂಬ ಸಂತೋಷಕ್ಕೆ ಈಗ ಅರ್ಥ ಉಳಿದಿಲ್ಲ. 2023ರಲ್ಲಿ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು, ಪರೀಕ್ಷೆಗೆ ಕುಳಿತವರೆಲ್ಲ ಅರ್ಹರಾದರು. ಎರಡು ಲಕ್ಷಕ್ಕೂ ಹೆಚ್ಚು ಜನ ಬರೆಯುವ ಕಡೆ ಅರ್ಹತೆ ಬೇರೆ, ಸರ್ಕಾರಿ ಕಾಲೇಜಿನಲ್ಲಿ ಸರ್ಜರಿ ಸೀಟು ಬೇರೆ.

ಈಗ ಆಪ್ಷನ್ ಎಂಟ್ರಿಗೆ, ಅಂದರೆ ಕೌನ್ಸೆಲಿಂಗ್ ಎಂಬ ಸೀಟು ಹಂಚಿಕೆಯಲ್ಲಿ ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಪಟ್ಟಿಗೆ ಬರೋಣ. ನಿಮ್ಮ ನಿಜವಾದ ಅರ್ಜಿ ಇದೇ. ದೇಶದ ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ, ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳೂ ಅದರ ಕೈಯಲ್ಲೇ ಇವೆ. ನಮ್ಮ ರಾಜ್ಯದ ಪಾಲನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಎರಡೂ ಕಡೆ ಗಣಕಯಂತ್ರ ಮಾಡುವ ಕೆಲಸ ಬಹಳ ಸರಳ. ಮೊದಲ ರ‍್ಯಾಂಕಿನವರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಸಿಗುವ ಮೊದಲ ಸೀಟನ್ನು ಕೊಡುತ್ತದೆ, ಎರಡನೆಯವರಿಗೆ ಹೋಗುತ್ತದೆ. ಮೀಸಲಾತಿಯ ಲೆಕ್ಕವೂ ಇದರೊಳಗೇ ಬರುತ್ತದೆ. ನಿಮ್ಮ ಸರದಿ ಬಂದಾಗ ಉಳಿದಿರುವ ಸೀಟುಗಳಲ್ಲಿ ನಿಮ್ಮ ಪಟ್ಟಿಯ ಅತಿ ಮೇಲಿನದು ನಿಮ್ಮದು.

ಇಷ್ಟು ಸರಳ ಸಂಗತಿಯನ್ನು ಅರ್ಥ ಮಾಡಿಕೊಳ್ಳದೆ ಪ್ರತಿ ವರ್ಷ ಜಾಣ ಮಕ್ಕಳು ಸೀಟು ಕಳೆದುಕೊಳ್ಳುತ್ತಾರೆ. ಒಬ್ಬಳಿಗೆ ಮೊದಲ ಆಸೆ ಮೈಸೂರು, ಎರಡನೆಯದು ಹುಬ್ಬಳ್ಳಿ, ಮೂರನೆಯದು ಬಳ್ಳಾರಿ ಎಂದಿಟ್ಟುಕೊಳ್ಳಿ. ಹೋದ ವರ್ಷದ ಕೊನೆಯ ರ‍್ಯಾಂಕ್ ನೋಡಿ, “ಮೈಸೂರು ನನಗೆ ಬರುವುದಿಲ್ಲ, ಸುಮ್ಮನೆ ಏಕೆ ಆಸೆ” ಎಂದು ಬಳ್ಳಾರಿಯನ್ನು ಮೇಲೆ ಬರೆಯುತ್ತಾಳೆ. ಈ ವರ್ಷ ಅವಳಿಗಿಂತ ಮೇಲಿದ್ದ ನಾಲ್ವರು ರೇಡಿಯಾಲಜಿಗೆ ಹೋದರು, ಮೈಸೂರು ಅವಳ ರ‍್ಯಾಂಕಿನವರೆಗೂ ಉಳಿದಿತ್ತು. ಯಂತ್ರ ಅದನ್ನು ನೋಡುವುದೇ ಇಲ್ಲ. ಮೇಲೆ ಬಳ್ಳಾರಿ ಇದೆ, ಬಳ್ಳಾರಿ ಕೊಟ್ಟು ಮುಂದೆ ಹೋಗುತ್ತದೆ. ಮೈಸೂರನ್ನು ಮೇಲೆ ಬರೆದಿದ್ದು, ಅದು ಬಾರದೇ ಹೋಗಿದ್ದರೂ ಅವಳಿಗೆ ಬಳ್ಳಾರಿ ತಪ್ಪುತ್ತಿರಲಿಲ್ಲ. ಸಿಗದ ಸೀಟನ್ನು ಮೇಲೆ ಬರೆದದ್ದಕ್ಕೆ ಯಾವ ದಂಡವೂ ಇಲ್ಲ, ನಿಮ್ಮ ಸರದಿಯೂ ಹಿಂದೆ ಹೋಗುವುದಿಲ್ಲ. ಒಂದು ಸುತ್ತಿನ ಮಟ್ಟಿಗೆ ಪಟ್ಟಿಯನ್ನು ಮನಸ್ಸಿನ ಕ್ರಮದಲ್ಲಿ ಬರೆಯುವುದೇ ಸರಿ. ಹೋದ ವರ್ಷದ ರ‍್ಯಾಂಕುಗಳನ್ನು ನೋಡಬೇಕಾದದ್ದು ಪಟ್ಟಿ ಎಷ್ಟು ಕೆಳಗಿನವರೆಗೆ ಹೋಗಬೇಕು ಎಂದು ತೀರ್ಮಾನಿಸಲು ಮಾತ್ರ.

ಸುತ್ತುಗಳು ಬಂದಾಗ ಎಚ್ಚರ ಬೇರೆ ಬೇಕು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರಿ, ಮೇಲ್ದರ್ಜೆಯ ಸೀಟಿಗೆ ಒಪ್ಪಿಗೆ ಕೊಟ್ಟು ಎರಡನೇ ಸುತ್ತಿಗೆ ಹೋದರೆ, ಹೊಸದು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದಾಗುತ್ತದೆ. ‘ಸುಮ್ಮನೆ ಹಾಕಿ ನೋಡೋಣ’ ಎಂದು ಹಾಕಿದ ಆಯ್ಕೆಯೇ ಬಂದು ಕುಳಿತರೆ ಹಿಂದಿನ ಸೀಟಿಗೆ ಹೋಗಲು ದಾರಿಯಿಲ್ಲ. ಎರಡನೇ ಸುತ್ತಿನ ಪಟ್ಟಿಯಲ್ಲಿ ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಮೇಲು ಅನಿಸಿದವು ಮಾತ್ರ ಇರಲಿ. ಕೊನೆಯ ಸುತ್ತುಗಳಲ್ಲಿ ಸಿಕ್ಕ ಸೀಟನ್ನು ಬಿಟ್ಟರೆ ಠೇವಣಿಯೂ ಹೋಗುತ್ತದೆ. ಅಖಿಲ ಭಾರತ ಕೋಟಾದಲ್ಲಿ ಸಾಮಾನ್ಯ ವರ್ಗಕ್ಕೆ ಅದು 25,000 ರೂಪಾಯಿ, ಡೀಮ್ಡ್‌ನಲ್ಲಿ ಎರಡು ಲಕ್ಷ. ನಿಯಮ ವರ್ಷ ವರ್ಷ ತಿದ್ದುಪಡಿಯಾಗುತ್ತದೆ. ಮಾಹಿತಿ ಪುಸ್ತಿಕೆಯನ್ನು ನೀವೇ ಓದಿ, ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಅವರು ಹೇಳುವುದು ಅವರ ವರ್ಷದ ನಿಯಮ. ಶುಲ್ಕದ ವಿಷಯವೂ ಹಾಗೆಯೇ. ಕೌನ್ಸೆಲಿಂಗ್‌ಗೆ ಮೊದಲೇ ಕಾಲೇಜುಗಳು ಎಲ್ಲ ಶುಲ್ಕವನ್ನೂ ಬಹಿರಂಗಪಡಿಸಬೇಕೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಸ್ಟೆಲ್, ಗ್ರಂಥಾಲಯ, ‘ಇತರೆ’ ಎಂಬ ಸಾಲುಗಳನ್ನು ಕೂಡಿಸಿದ ಮೇಲೆ ಬರುವ ಮೊತ್ತವನ್ನು ಮನೆಯವರ ಮುಂದಿಡಿ.

ಪಟ್ಟಿಯನ್ನು ಮನಸ್ಸಿನ ಕ್ರಮದಲ್ಲಿ ಬರೆಯಿರಿ ಎಂದೆ. ಆ ಕ್ರಮ ಎಲ್ಲಿಂದ ಬರುತ್ತದೆ? ಹೆಚ್ಚಿನವರಿಗೆ ಕಾಲೇಜಿನ ಹೆಸರಿನಿಂದ, ಊರಿನಿಂದ, ಹೋದ ವರ್ಷದ ಕೊನೆಯ ರ‍್ಯಾಂಕಿನಿಂದ. ನಮ್ಮ ಹಿರಿಯರು ಗಂಡು ಹುಡುಕುವಾಗ ಹುಡುಗನನ್ನು ನೋಡಿದ ಮೇಲೂ ಅವರ ಬೀದಿಯ ಅಂಗಡಿಯವನನ್ನು ಒಂದು ಮಾತು ವಿಚಾರಿಸುತ್ತಿದ್ದರು. ಮೂರು ವರ್ಷ ಹಗಲು ರಾತ್ರಿ ಕಳೆಯಬೇಕಾದ ಮನೆಯ ಬಗ್ಗೆ ನೀವು ಅಷ್ಟೂ ವಿಚಾರಿಸುವುದಿಲ್ಲ.

ಒಂದು ಕೆಲಸ ಮಾಡಿ. ನಿಮ್ಮ ಪಟ್ಟಿಯ ಮೊದಲ ನಾಲ್ಕೈದು ಕಾಲೇಜುಗಳಲ್ಲಿ ಹೋಗಬಹುದಾದ ಕಡೆಗಾದರೂ ಹೋಗಿ, ಅನುಮತಿ ಕೇಳಿ, ಒಂದು ಯೂನಿಟ್‌ನ ಅಡ್ಮಿಷನ್ ದಿನ, ಅಂದರೆ ವಿಭಾಗದ ಆ ತಂಡ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಿನ, ರಾತ್ರಿ ಕ್ಯಾಷುವಾಲ್ಟಿಯಲ್ಲಿ ನಿಲ್ಲಿ. ಸರ್ಜರಿ ವಿಭಾಗ ಬೆಳಗ್ಗೆ ತನ್ನ ಹಬ್ಬದ ಬಟ್ಟೆಯಲ್ಲಿರುತ್ತದೆ. ರೌಂಡ್ಸ್, ಸೆಮಿನಾರ್, ಎಲ್ಲರ ಬಾಯಲ್ಲೂ ಇಂಗ್ಲಿಷ್. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಹಿಡಿದುಕೊಂಡು ಒಬ್ಬ ಕೂಲಿಕಾರ ಬರುತ್ತಾನೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದೆ, ಎಕ್ಸ್-ರೇಯಲ್ಲಿ ವಪೆಯ ಕೆಳಗೆ ಗಾಳಿ, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ನ ಹುಣ್ಣು ತೂತಾಗಿದೆ. ಇಲ್ಲಿಂದ ಮುಂದೆ ನೀವು ನೋಡುತ್ತಾ ಹೋಗಿ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದವರು ಯಾರು? ಅದು ಮೊದಲ ವರ್ಷದ ಪಿಜಿ, ಎಲ್ಲ ಕಡೆ ಹಾಗೆಯೇ. ರಕ್ತ ತರಲು ಬ್ಲಡ್ ಬ್ಯಾಂಕಿಗೆ ಓಡಿದವರು ಯಾರು? ಅದೂ ಅವರೇ ಆಗಿದ್ದರೆ ಆ ಆಸ್ಪತ್ರೆಯಲ್ಲಿ ಸಿಬ್ಬಂದಿ ಸಾಲದು, ನಿಮ್ಮ ಒಂದು ವರ್ಷ ಓಡುವುದರಲ್ಲೇ ಹೋಗುತ್ತದೆ. ಅರಿವಳಿಕೆಯವರ ಜೊತೆ ಮಾತಾಡಿದವರು, ರೋಗಿಯ ಹೆಂಡತಿಗೆ ಕೂರಿಸಿ ವಿವರಿಸಿ ಸಹಿ ಪಡೆದವರು ಯಾರು? ಅಸಿಸ್ಟೆಂಟ್ ಪ್ರೊಫೆಸರ್ ಆಸ್ಪತ್ರೆಯಲ್ಲೇ ಇದ್ದರೋ, ಮನೆಯಿಂದ ಬಂದರೋ, ಫೋನಿನಲ್ಲೇ “ಮಾಡಿ” ಎಂದರೋ?

ಕೊನೆಗೆ ಓಟಿ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಹೋಗಿ ಒಂದನ್ನೇ ನೋಡಿ: ರೋಗಿಯ ಬಲಗಡೆ ನಿಂತವರು ಯಾರು? ಇಂಥ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಸರ್ಜನ್ ನಿಲ್ಲುವ ಜಾಗ ಅದು. ಅಂತಿಮ ವರ್ಷದ ಪಿಜಿ ಬಲಗಡೆ ನಿಂತು, ಅಸಿಸ್ಟೆಂಟ್ ಪ್ರೊಫೆಸರ್ ಎದುರು ಬದಿಯಲ್ಲಿ ಸಹಾಯಕರಾಗಿ ನಿಂತು, “ಇನ್ನೂ ಸ್ವಲ್ಪ ಮೇಲೆ, ಓಮೆಂಟಮ್ ಎಳೆಯಬೇಡ, ತಾನೇ ಬರಲಿ” ಎಂದು ಹೇಳುತ್ತಿದ್ದರೆ ಆ ಕಾಲೇಜನ್ನು ನಿಮ್ಮ ಪಟ್ಟಿಯಲ್ಲಿ ಎರಡು ಮೆಟ್ಟಿಲು ಮೇಲೆ ಹಾಕಿ. ಅಂತಿಮ ವರ್ಷದವರೂ ಗಾಯವನ್ನು ತೆರೆದಿಡುವ ರಿಟ್ರ್ಯಾಕ್ಟರ್ ಹಿಡಿದೇ ನಿಂತಿದ್ದರೆ ಕೆಳಗೆ ಹಾಕಿ. ಹಿರಿಯರು ಯಾರೂ ಇಲ್ಲದೆ ಪಿಜಿಗಳೇ ಮಾಡುತ್ತಿದ್ದರೆ? ನಿಮ್ಮಲ್ಲಿ ಕೆಲವರ ಕಣ್ಣು ಹೊಳೆದದ್ದನ್ನು ನೋಡಿದೆ. ಅಲ್ಲಿ ಕೇಸು ಬಹಳ ಸಿಗುತ್ತದೆ, ನಿಜ. ಆದರೆ ತಪ್ಪನ್ನು ತಪ್ಪು ಎಂದು ಹೇಳುವವರಿಲ್ಲದೆ ನೂರು ಸಲ ಮಾಡಿದರೆ ಆ ತಪ್ಪು ಕೈಗೆ ಪಾಠವಾಗುತ್ತದೆ. ರೋಗಿಯ ಮಾತು ಹಾಗಿರಲಿ ಎನ್ನಲೂ ಆಗುವುದಿಲ್ಲ, ಆ ಹೊಟ್ಟೆ ಅವನದು.

ಓಟಿ ರಿಜಿಸ್ಟರ್ ನೋಡಲು ಬಿಟ್ಟರೆ ನೋಡಿ. ‘ಸರ್ಜನ್’ ಎಂಬ ಅಂಕಣದಲ್ಲಿ ಬರೀ ಯೂನಿಟ್ ಮುಖ್ಯಸ್ಥರ ಹೆಸರೇ ಇದ್ದರೆ ಗಾಬರಿಯಾಗಬೇಡಿ, ಹಲವು ಕಡೆ ಅದು ರೂಢಿ. ಅಂತಿಮ ವರ್ಷದವರ ಲಾಗ್ ಬುಕ್ ಕೇಳಿ. ಅದರಲ್ಲಿ ‘ಸಹಾಯ ಮಾಡಿದ್ದು’, ‘ಮೇಲ್ವಿಚಾರಣೆಯಲ್ಲಿ ಮಾಡಿದ್ದು’, ‘ಸ್ವತಂತ್ರವಾಗಿ ಮಾಡಿದ್ದು’ ಎಂದು ಬೇರೆ ಬೇರೆ ಬರೆದಿರುತ್ತಾರೆ. ಪರೀಕ್ಷೆಯ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ತುಂಬಿಸಿದ ಲಾಗ್ ಬುಕ್ಕುಗಳನ್ನೂ ನಾನು ಕಂಡಿದ್ದೇನೆ, ಆದ್ದರಿಂದ ಪುಸ್ತಕ ನೋಡಿದ ಮೇಲೆ ಬಾಯಿಮಾತಿನಲ್ಲಿ ಕೇಳಿ: ಹರ್ನಿಯಾವನ್ನು ಮೊದಲ ಸಲ ಪೂರ್ತಿಯಾಗಿ ಯಾವ ವರ್ಷ ಮಾಡಿದಿರಿ? ಲ್ಯಾಪರೊಸ್ಕೋಪಿಯಲ್ಲಿ ಕ್ಯಾಮೆರಾ ಹಿಡಿಯುವುದನ್ನು ಬಿಟ್ಟು ಬೇರೇನಾದರೂ ಸಿಕ್ಕಿತೇ?

ನಂತರ ಒಂದು ಭಾಗಾಕಾರ ಮಾಡಿ. ಪಿಜಿ ಸೀಟುಗಳು ಈ ಹತ್ತು ವರ್ಷದಲ್ಲಿ ಬಹಳ ಏರಿವೆ. ಒಳ್ಳೆಯದೇ. ಆದರೆ ಓಟಿಯ ಮೇಜುಗಳು ಆ ವೇಗದಲ್ಲಿ ಏರಿಲ್ಲ. ಒಂದು ಯೂನಿಟ್‌ಗೆ ವಾರಕ್ಕೆ ಎರಡು ಓಟಿ ದಿನ, ದಿನಕ್ಕೆ ಐದು ದೊಡ್ಡ ಕೇಸು ಎಂದರೆ ವಾರಕ್ಕೆ ಹತ್ತು. ಮೂರು ವರ್ಷದವರೂ ಸೇರಿ ಆರು ಪಿಜಿಗಳಿದ್ದರೆ ಒಂದು ಲೆಕ್ಕ, ಹದಿನೈದು ಜನರಿದ್ದರೆ ಇನ್ನೊಂದು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಹದಿನೈದನೆಯವರಾಗಿ ನಿಲ್ಲುವುದಕ್ಕಿಂತ ಸಣ್ಣ ಜಿಲ್ಲಾ ಕೇಂದ್ರದಲ್ಲಿ ಆರನೆಯವರಾಗುವುದು ಕೈಗೆ ಒಳ್ಳೆಯದಾಗಬಹುದು. ಖಾಸಗಿ ಕಾಲೇಜಾದರೆ ಇನ್ನೊಂದನ್ನೂ ವಿಚಾರಿಸಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೋಗಿಗಳು, ಸಾಮಾನ್ಯ ವಾರ್ಡಿನವರು ಎಷ್ಟು, ಹಣ ಕೊಟ್ಟು ಬರುವವರು ಎಷ್ಟು? ಹಣ ಕೊಟ್ಟವರು ಕನ್ಸಲ್ಟೆಂಟರೇ ಮಾಡಬೇಕೆನ್ನುತ್ತಾರೆ, ಅದು ಅವರ ಹಕ್ಕು. ಅಂಥವರೇ ಹೆಚ್ಚಿದ್ದರೆ ನೀವು ನೋಡುವುದು ಬಹಳ, ಮಾಡುವುದು ಸ್ವಲ್ಪ.

ವಿಭಾಗದ ಮುಖ್ಯಸ್ಥರನ್ನು ಕೇಳಿ ಪ್ರಯೋಜನವಿಲ್ಲ. ನಾನೂ ನನ್ನ ವಿಭಾಗ ಚೆನ್ನಾಗಿದೆ ಎಂದೇ ಹೇಳುತ್ತೇನೆ. ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಮೊದಲ ವರ್ಷದ ಪಿಜಿಯನ್ನು ಹಿಡಿಯಿರಿ. “ಹೇಗಿದೆ ಸರ್, ಡಿಪಾರ್ಟ್‌ಮೆಂಟು?” ಎಂದರೆ “ಪರವಾಗಿಲ್ಲ” ಎನ್ನುತ್ತಾರೆ. ಹಾಗೆ ಕೇಳಬೇಡಿ. “ನಿನ್ನೆ ಮಧ್ಯಾಹ್ನದ ಊಟ ಎಷ್ಟು ಗಂಟೆಗೆ ಮಾಡಿದಿರಿ?” ಎಂದು ಕೇಳಿ. “ಊರಿಗೆ ಹೋಗಿದ್ದು ಯಾವಾಗ?” ಎಂದು ಕೇಳಿ. ಸ್ಟೈಪೆಂಡ್ ತಿಂಗಳಿಗೆ ತಿಂಗಳಿಗೆ ಬರುತ್ತದೆಯೇ, ಬಂದದ್ದು ಖಾತೆಯಲ್ಲೇ ಉಳಿಯುತ್ತದೆಯೇ ಎಂದೂ ಕೇಳಿ. ಕೊನೆಗೆ, ತಗ್ಗಿದ ದನಿಯಲ್ಲಿ, “ನಿಮ್ಮ ಬ್ಯಾಚಿನಲ್ಲಿ ಯಾರಾದರೂ ಸೀಟು ಬಿಟ್ಟು ಹೋದರೇ?” ಎಂದು ಕೇಳಿ. ಒಬ್ಬರು ಹೋಗಿದ್ದರೆ ಅದಕ್ಕೆ ನೂರು ಕಾರಣಗಳಿರಬಹುದು. ಪ್ರತಿ ಬ್ಯಾಚಿನಿಂದಲೂ ಒಬ್ಬರು ಹೋಗುತ್ತಿದ್ದರೆ ಕಾರಣ ಒಂದೇ ಇರುತ್ತದೆ, ಅದು ಅಲ್ಲೇ ಕೆಲಸ ಮಾಡುತ್ತಿರುತ್ತದೆ. ನಡುವೆ ಬಿಟ್ಟು ಹೋಗುವವರಿಗೆ ಲಕ್ಷಗಟ್ಟಲೆ ದಂಡ ಹಾಕುವ ಬಾಂಡನ್ನು ಕೈಬಿಡಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳಿಗೆ ಬರೆದಿತ್ತು. ನಿಮ್ಮ ಸೀಟಿಗೆ ಈಗ ಯಾವ ನಿಯಮ ಇದೆ ಎಂದು ಸಹಿ ಹಾಕುವ ಮುನ್ನ ನೋಡಿ.

ಕೆಲಸದ ಗಂಟೆಗಳ ಬಗ್ಗೆ ಒಬ್ಬರು ಕೇಳಿದರು. ಕಾಗದದ ಮೇಲೆ ನಮ್ಮದು ಬಹಳ ಉದಾರ ದೇಶ. ರೆಸಿಡೆಂಟ್‌ಗಳ ಡ್ಯೂಟಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಅಮೆರಿಕದವರು 80 ಗಂಟೆಯ ಮಿತಿ ತಂದದ್ದು 2003ರಲ್ಲಿ! 2023ರ ನಮ್ಮ ಸ್ನಾತಕೋತ್ತರ ನಿಯಮಾವಳಿಯಲ್ಲಿ ‘ಸಮಂಜಸವಾದ’ ಗಂಟೆಗಳು ಎಂದಿದೆ, ವಾರಕ್ಕೊಂದು ರಜೆ ಎಂದೂ ಇದೆ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರದಿರಲಿ ಎಂದಿತು. 32 ವರ್ಷಗಳಲ್ಲಿ 48 ಗಂಟೆ 74 ಆಯಿತು ಎನ್ನುವುದಕ್ಕಿಂತ, ನಿಜ ಎಷ್ಟೆಂದು ಒಪ್ಪಿಕೊಳ್ಳುವ ಕಡೆ ಒಂದು ಹೆಜ್ಜೆ ಎಂದು ನಾನು ಅದನ್ನು ಓದುತ್ತೇನೆ. ಸರ್ಜರಿಯ ಮೊದಲ ವರ್ಷ 74ರೊಳಗೆ ಮುಗಿಯುವ ಸರ್ಕಾರಿ ಆಸ್ಪತ್ರೆಯನ್ನು ನಾನು ಕಂಡಿಲ್ಲ. ಅಮೆರಿಕದಲ್ಲಿ ಈ ತರಬೇತಿಯ ಮಾದರಿ ಹಾಕಿದವರು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. ಅವರದು ಗೋಪುರದ ಪದ್ಧತಿ, ಹಲವರನ್ನು ಸೇರಿಸಿಕೊಂಡು ಕೆಲವರನ್ನೇ ತುದಿಗೆ ಬಿಡುವುದು. ನಮ್ಮಲ್ಲಿ ಆ ಗೋಪುರ ಗೇಟಿನ ಹೊರಗಿದೆ. ಒಳಗೆ ಬಂದವರೆಲ್ಲ ಮೂರು ವರ್ಷ ಮುಗಿಸಿ ಪರೀಕ್ಷೆಗೆ ಕೂರುತ್ತಾರೆ. ಹೀಗಾಗಿ ಒಳಗೆ ಬಂದ ಮೇಲೆ ನಿಮ್ಮನ್ನು ತಯಾರು ಮಾಡಲೇಬೇಕಾದ ಒತ್ತಡ ವಿಭಾಗದ ಮೇಲೆ ಅಷ್ಟಾಗಿ ಇಲ್ಲ.

ಆ ಮೊದಲ ವರ್ಷ ಹೇಗಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಿನಿಮಾದ ಸರ್ಜನ್ ಹೃದಯ ಹಿಡಿದು ನಿಂತಿರುತ್ತಾನೆ. ನಮ್ಮ ಮೊದಲ ವರ್ಷದ ಪಿಜಿ ಸಕ್ಕರೆ ಕಾಯಿಲೆಯ ಕಾಲು ಹಿಡಿದು ಕೂತಿರುತ್ತಾನೆ. ಬೆಳಗ್ಗೆ ರೌಂಡ್ಸ್‌ಗೆ ಮೊದಲು ಇಡೀ ಸಾಲಿನ ಡ್ರೆಸ್ಸಿಂಗ್ ಮುಗಿಯಬೇಕು. ಪಟ್ಟಿ ಬಿಚ್ಚಿದಾಗ ಬರುವ ವಾಸನೆ ಮಾಸ್ಕನ್ನು ದಾಟಿ ಬರುತ್ತದೆ. ಸಲೈನ್ ಸುರಿದು, ಸತ್ತ ಚರ್ಮವನ್ನು ಕತ್ತರಿಸುತ್ತಾ, ಎಲ್ಲಿ ರಕ್ತ ಜಿನುಗುತ್ತದೋ ಅಲ್ಲಿ ನಿಲ್ಲಿಸಬೇಕು. ಜೀವಂತ ಅಂಗಾಂಶ ಎಲ್ಲಿ ಶುರುವಾಗುತ್ತದೆ ಎಂದು ಕೈ ಕಲಿಯುವುದು ಇಲ್ಲೇ, ಓಟಿಯಲ್ಲಲ್ಲ. ಈಗ ಹೌಸ್ ಸರ್ಜನ್ ಆಗಿ ಸರ್ಜರಿ ಪೋಸ್ಟಿಂಗ್ ಮಾಡುತ್ತಿರುವವರು ಆ ಡ್ರೆಸ್ಸಿಂಗ್ ಟ್ರಾಲಿಯ ಹತ್ತಿರ ನಿಂತಾಗ ನಿಮಗೆ ಏನನಿಸುತ್ತದೆ ಎಂದು ಗಮನಿಸಿ. ಓಟಿ ಯಾರಿಗಾದರೂ ಇಷ್ಟವಾಗುತ್ತದೆ. ಡ್ರೆಸ್ಸಿಂಗ್ ಬೇಸರ ತರದಿದ್ದರೆ ಸರ್ಜರಿ ಬರೆಯಿರಿ.

“ಹೆಣ್ಣುಮಕ್ಕಳಿಗೆ ಸರ್ಜರಿ ಆಗುತ್ತದೆಯೇ, ಮೇಡಂ?” ಈ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಕೇಳುವ ಹುಡುಗಿಗೆ ಉತ್ತರ ಗೊತ್ತಿರುತ್ತದೆ, ಮನೆಯಲ್ಲಿ ಚಿಕ್ಕಮ್ಮನಿಗೆ ಹೇಳಲು ಒಂದು ವಾಕ್ಯ ಬೇಕಿರುತ್ತದೆ ಅಷ್ಟೆ. ಚಿಕ್ಕಮ್ಮನಿಗೆ ನನ್ನ ನಂಬರ್ ಕೊಡಿ. ನೀವು ಮಾತ್ರ ಬೇರೆ ಎರಡು ವಿಷಯ ವಿಚಾರಿಸಿ. ಆ ವಿಭಾಗದ ಹಿಂದಿನ ಮಹಿಳಾ ಪಿಜಿಗಳು ಕೇಸು ಮಾಡಿದ್ದಾರೋ, ಅಥವಾ “ಸ್ತನದ ಓಪಿಡಿ ನೋಡಿಕೊಳ್ಳಮ್ಮ” ಎಂದು ಬದಿಗೆ ಕೂರಿಸಿದ್ದಾರೋ? ಎರಡನೆಯದು, ಡ್ಯೂಟಿ ರೂಮು. ಮಹಿಳೆಯರಿಗೆ ಬೇರೆ ಕೋಣೆ ಇದೆಯೇ, ಒಳಗಿನ ಚಿಲಕ ಕೂರುತ್ತದೆಯೇ, ಶೌಚಾಲಯಕ್ಕೆ ರಾತ್ರಿ ಎಷ್ಟು ದೂರ ನಡೆಯಬೇಕು? 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ರೆಸಿಡೆಂಟ್ ವೈದ್ಯೆ ಕೊಲೆಯಾದದ್ದು ಸೆಮಿನಾರ್ ಕೋಣೆಯಲ್ಲಿ. ಸುಪ್ರೀಂ ಕೋರ್ಟ್ ಕಾರ್ಯಪಡೆ ನೇಮಿಸಿತು, ವರದಿಗಳ ಮಾತು ನಡೆಯಿತು. ನೀವು ನೋಡಿಬರಬೇಕಾದದ್ದು ಆ ಒಂದು ಚಿಲಕವನ್ನು. ಕೇಳಲು ಸಂಕೋಚ ಬೇಡ. ಅದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ವಿಭಾಗದ ಬಗ್ಗೆ ನಿಮಗೆ ಅಲ್ಲೇ ಉತ್ತರ ಸಿಕ್ಕಿತು.

ಬೇರೆ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸ್ನಾತಕೋತ್ತರ ಪದವಿಯಾದ ಡಿಎನ್‌ಬಿಯನ್ನು ಎರಡನೇ ದರ್ಜೆ ಎಂದುಕೊಂಡವರು ಇನ್ನೂ ಇದ್ದಾರೆ. ಒಳ್ಳೆಯ ಜಿಲ್ಲಾಸ್ಪತ್ರೆಯ ಡಿಎನ್‌ಬಿ ಪಿಜಿಗೆ ಸಿಗುವ ಕೇಸುಗಳನ್ನು ನೋಡಿ ಹೊಟ್ಟೆಕಿಚ್ಚು ಪಡುವ, ವಿಶ್ವವಿದ್ಯಾಲಯದ ಎಂಎಸ್ ಪದವಿ ಮಾಡುತ್ತಿರುವ ಪಿಜಿಗಳಿದ್ದಾರೆ. ಅಂತಿಮ ಪರೀಕ್ಷೆ ಮಾತ್ರ ಕಠಿಣ. ನ್ಯೂರೋಸರ್ಜರಿಯೇ ಬೇಕು ಎಂದು ಈಗಲೇ ಗೊತ್ತಿರುವವರಿಗೆ ಎಂಬಿಬಿಎಸ್ ನಂತರ ನೇರವಾಗಿ ಆರು ವರ್ಷದ ಕೋರ್ಸುಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನದಕ್ಕೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಐಎನ್‌ಐ-ಸಿಇಟಿ ಬರೆಯಬೇಕು, ಅದು ವರ್ಷಕ್ಕೆ ಎರಡು ಸಲ ನಡೆಯುತ್ತದೆ. ನ್ಯೂರೋ, ಪ್ಲಾಸ್ಟಿಕ್, ಮಕ್ಕಳ ಸರ್ಜರಿ, ಹೃದಯ ಸರ್ಜರಿಗಳಲ್ಲಿ ಆರು ವರ್ಷದ ಡಿಆರ್‌ಎನ್‌ಬಿಗೆ (ಅದೇ ಮಂಡಳಿಯ ಸೂಪರ್ ಸ್ಪೆಷಾಲಿಟಿ ಪದವಿ) ನೀಟ್ ಪಿಜಿ ಅಂಕವೇ ಸಾಕು. ಎಂಎಸ್ ಮಾಡಿ ಸೂಪರ್ ಸ್ಪೆಷಾಲಿಟಿಯ ಎಂಸಿಎಚ್‌ಗೆ ಹೋದರೂ ಆರೇ ವರ್ಷ, ಆದರೆ ನಡುವೆ ನೀಟ್ ಎಸ್‌ಎಸ್ ಎಂಬ ಇನ್ನೊಂದು ಗೇಟು. ನೇರ ದಾರಿಯ ತೊಂದರೆ ಎಂದರೆ, ಮೂರನೇ ವರ್ಷದಲ್ಲಿ ಮನಸ್ಸು ಬದಲಾದರೆ ಕೈಯಲ್ಲಿ ಎಂಎಸ್ ಕೂಡ ಇರುವುದಿಲ್ಲ. ಮಕ್ಕಳ ಸರ್ಜರಿ, ಹೃದಯ ಸರ್ಜರಿಯ ಸೀಟುಗಳು ವರ್ಷ ವರ್ಷ ಖಾಲಿ ಉಳಿಯುತ್ತಿರುವುದನ್ನೂ ನೋಡುತ್ತಿದ್ದೇವೆ. ಸ್ಪರ್ಧೆ ಎಲ್ಲ ಗೇಟಿನಲ್ಲೂ ಒಂದೇ ಅಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: “ಸರ್ಜರಿ ಬರಲಿಲ್ಲ, ಇಎನ್‌ಟಿ ಬರುತ್ತಿದೆ. ತೆಗೆದುಕೊಳ್ಳಲೇ, ಇನ್ನೊಂದು ವರ್ಷ ಕೂರಲೇ?” ನಿಮಗೆ ಬೇಕಾದದ್ದು ಶಸ್ತ್ರಚಿಕಿತ್ಸೆಯೋ, ಹೊಟ್ಟೆಯೋ ಎಂದು ಮೊದಲು ನೋಡಿಕೊಳ್ಳಿ. ಕೈ ಕೆಲಸ ಬೇಕೆಂದರೆ ಇಎನ್‌ಟಿ, ಕಣ್ಣು, ಹೆರಿಗೆ ಮತ್ತು ಸ್ತ್ರೀರೋಗ ಎಲ್ಲದರಲ್ಲೂ ಅದಿದೆ. ಕಿವಿಯ ಮೂಳೆ ಕೊರೆಯುವವರ ಕೈಗೆ ನನ್ನ ಕೈ ಸಮವಲ್ಲ. ಹೊಟ್ಟೆ, ಅಪಘಾತ, ಮಧ್ಯರಾತ್ರಿಯ ತೂತಾದ ಕರುಳು ಇವೇ ಬೇಕು ಎಂದರೆ ಇಎನ್‌ಟಿಗೆ ಸೇರಿ ಮೂರು ವರ್ಷ ಹಲುಬಬೇಡಿ, ಇನ್ನೊಂದು ಸಲ ಬರೆಯಿರಿ. ಹಾಗೆ ಕೂರುವುದಾದರೆ ಕೋಣೆಯಲ್ಲಿ ಕೂರಬೇಡಿ. ಕಡ್ಡಾಯ ಗ್ರಾಮೀಣ ಸೇವೆಗೆ ಕರೆ ಬಂದರೆ ಹೋಗಿ, ಬಾರದಿದ್ದರೆ ಸರ್ಜನ್ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿ. ಹಗಲು ಗಾಯ ಹೊಲಿಯಿರಿ, ರಾತ್ರಿ ಓದಿ. ಎರಡನೇ ಸಲವೂ ಬರದಿದ್ದರೆ ಆ ವರ್ಷ ಪಟ್ಟಿಯನ್ನು ಇನ್ನೂ ಕೆಳಗೆ ಇಳಿಸಿ, ಜಿಲ್ಲಾಸ್ಪತ್ರೆಗಳ ಡಿಎನ್‌ಬಿ ಸೀಟುಗಳನ್ನೆಲ್ಲ ಸೇರಿಸಿ ಬರೆಯಿರಿ. ಮೂರನೇ ವರ್ಷ ಬರೀ ಓದುತ್ತಾ ಕೂರಲು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.